ಲ್ಯಾಪ್‌ಟಾಪ್ ಆನ್ ಆಗದಿದ್ರೂ ಫೈಲ್ ತೆಗೀಬಹುದು: ಮೊದಲು ಫೈಲ್, ಆಮೇಲೆ ರಿಪೇರಿ

ಲ್ಯಾಪ್‌ಟಾಪ್ ಆನ್ ಆಗ್ತಾ ಇಲ್ಲ, ಒಳಗೆ ಮಕ್ಕಳ ಫೋಟೋ ಉಂಟು, ಶಾಲೆಯ ಪ್ರಶ್ನೆಪತ್ರಿಕೆ ಉಂಟು, ಅಂಗಡಿಯ ಟ್ಯಾಲಿ ಲೆಕ್ಕ ಉಂಟು, ಎಂತ ಮಾಡುದು ಅಂತ ನಮ್ಮ ಕಾಸರಗೋಡಿನ ಕುಂಬಳೆ, ಬದಿಯಡ್ಕ, ಪೆರ್ಲ, ಉಪ್ಪಳ ಅಂತ ಎಲ್ಲ ಕಡೆಯಿಂದ ಕೇಳ್ತಾ ಇರ್ತಾರೆ. ಬೇಜಾರು ಎಂತ ಅಂದ್ರೆ ಕೇಳುವಷ್ಟರಲ್ಲಿ ಹೆಚ್ಚಿನವರ ಒಂದು ಕೆಲಸ ಆಗಿ ಹೋಗಿರ್ತದೆ. ಹೊಸ ವಿಂಡೋಸ್ ಹಾಕಿಸಿರ್ತಾರೆ, ಇಲ್ಲದಿದ್ರೆ ಸ್ಕ್ರೀನಲ್ಲಿ ಬಂದ ರೀಸೆಟ್ ಒತ್ತಿರ್ತಾರೆ, ಲ್ಯಾಪ್‌ಟಾಪ್ ಚಂದ ಆನ್ ಆಗ್ತದೆ, ಫೈಲ್ ಮಾತ್ರ ಇಲ್ಲ.

ಲ್ಯಾಪ್‌ಟಾಪ್ ಸರಿ ಮಾಡುದು ಬೇರೆ ಕೆಲಸ, ಫೈಲ್ ತೆಗೆಯುದು ಬೇರೆ ಕೆಲಸ, ಮತ್ತೆ ಎರಡನೆಯದ್ದು ಮೊದಲು ಆಗ್ಬೇಕು. ಚಾರ್ಜರ್ ಹೋದ್ರೂ, ಡಿಸ್‌ಪ್ಲೇ ಹೋದ್ರೂ, ಮದರ್‌ಬೋರ್ಡ್ ಸುಟ್ಟು ಹೋದ್ರೂ ಫೈಲ್ ಇರುವುದು ಡಿಸ್ಕಲ್ಲಿ, ಅದು ಸಾಧಾರಣ ಚಂದವೇ ಇರ್ತದೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಒಂದರಲ್ಲಿ ಫೈಲ್ ಸಿಕ್ಕಿದ್ರೆ ಕಾಪಿ ಮಾಡುವ ಏಳನೇ ಹಂತಕ್ಕೆ ಸೀದಾ ಹೋಗಿ.

ಕೈಗೆ ಬೇಕಾದ ಸಾಮಾನು

ಸರಿ ಇರುವ ಇನ್ನೊಂದು ಕಂಪ್ಯೂಟರ್ (ಯಾರದ್ದಾದ್ರೂ ಆಗ್ತದೆ), 8 ಜಿಬಿಗಿಂತ ಕಮ್ಮಿ ಇಲ್ಲದ ಒಂದು ಖಾಲಿ ಪೆನ್‌ಡ್ರೈವ್, ಫೈಲ್ ಹಾಕ್ಲಿಕ್ಕೆ ಒಂದು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್, ಸಣ್ಣ ಪ್ಲಸ್ ಸ್ಕ್ರೂಡ್ರೈವರ್. ಪೆನ್‌ಡ್ರೈವ್ ಬೇರೆ, ಫೈಲ್ ಹಾಕುವ ಡಿಸ್ಕ್ ಬೇರೆ ಇರ್ಬೇಕು, ಎರಡನ್ನೂ ಒಂದರಲ್ಲೇ ಮುಗಿಸುವ ಅಂತ ಹೋಗ್ಬೇಡಿ. ಡಿಸ್ಕ್ ಬಿಚ್ಚುವ ಹಂತಕ್ಕೆ ಬಂದ್ರೆ ಮಾತ್ರ, ಬಿಚ್ಚಿದ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಜೋಡಿಸುವ ಯುಎಸ್‌ಬಿ ಕೇಸ್ ಒಂದು ಬೇಕಾಗ್ತದೆ, ಅದನ್ನು ಈಗಲೇ ತರ್ಬೇಡಿ, ಯಾವ ತರದ್ದು ಅಂತ ಬಿಚ್ಚಿ ನೋಡದೆ ಗೊತ್ತಾಗುದಿಲ್ಲ.

ಎಕ್ಸ್‌ಟರ್ನಲ್ ಡಿಸ್ಕ್ ಫ್ಯಾಟ್32 ಫಾರ್ಮ್ಯಾಟಲ್ಲಿದ್ರೆ 4 ಜಿಬಿಗಿಂತ ದೊಡ್ಡ ಒಂದು ಫೈಲ್ ಅದರೊಳಗೆ ಹೋಗುದಿಲ್ಲ. ಮದುವೆ ವಿಡಿಯೋ ಅರ್ಧದಲ್ಲಿ ನಿಂತು ಎರರ್ ತೋರಿಸುದು ಹೆಚ್ಚಾಗಿ ಇದಕ್ಕೇ, ಡಿಸ್ಕ್ ಹಾಳಾಗಿ ಅಲ್ಲ. ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ಆದ್ರೆ ತೊಂದರೆ ಇಲ್ಲ.

1. ಮೊದಲು ಕೈ ನಿಲ್ಲಿಸಿ

ಪವರ್ ಬಟನ್ ಒತ್ತಿ ಒತ್ತಿ ನೋಡುದನ್ನು ಬಿಡಿ. ಒಳಗಿಂದ ಟಕ್ ಟಕ್ ಅಂತ ಒಂದೇ ತಾಳದಲ್ಲಿ ಶಬ್ದ ಬರ್ತಾ ಉಂಟಾದ್ರೆ ಕೂಡ್ಲೆ ಆಫ್ ಮಾಡಿ, ಮಧ್ಯದ ಹಂತ ಯಾವುದೂ ಬೇಡ, ಎಂಟನೇ ಹಂತಕ್ಕೆ ಹೋಗಿ. ಅದು ಹಾರ್ಡ್‌ಡಿಸ್ಕಿನ ಒಳಗಿನ ಹೆಡ್ ತೊಂದರೆಯ ಶಬ್ದ, ಮತ್ತೆ ಪ್ರತಿ ಸಲ ಆನ್ ಮಾಡಿದಾಗಲೂ ಫೈಲ್ ಸಿಗುವ ಸಾಧ್ಯತೆ ಕಮ್ಮಿ ಆಗ್ತಾ ಹೋಗ್ತದೆ.

ನೀರು, ಚಾ ಬಿದ್ದದ್ದು ಅಥವಾ ಮಳೆಗಾಲದಲ್ಲಿ ಮಾಡು ಸೋರಿ ಒದ್ದೆ ಆದದ್ದು ಆದ್ರೆ "ಒಮ್ಮೆ ಆನ್ ಆಗ್ತದಾ ನೋಡುವ" ಅನ್ನುವ ಮನಸ್ಸೇ ದೊಡ್ಡ ಶತ್ರು. ಒದ್ದೆ ಬೋರ್ಡಿಗೆ ಕರೆಂಟು ಹೋದ್ರೆ ಶಾರ್ಟ್ ಆಗ್ತದೆ. ಚಾರ್ಜರ್ ತೆಗೀರಿ, ಬ್ಯಾಟರಿ ಹೊರಗಿಂದ ತೆಗೆಯುವ ತರದ್ದಾದ್ರೆ ಅದನ್ನೂ ತೆಗೀರಿ, ಕವುಚಿ ಹಾಕಿ ಇಡಿ. ಅಕ್ಕಿ ಡಬ್ಬದಲ್ಲಿ ಹಾಕಿ ಪ್ರಯೋಜನ ಇಲ್ಲ, ಅಕ್ಕಿಯ ಹುಡಿ ಪೋರ್ಟಿನ ಒಳಗೆ ಹೋಗುದು ಮಾತ್ರ. ಹೇರ್ ಡ್ರೈಯರ್ ಬಿಸಿಗಾಳಿಯೂ ಬೇಡ. ಇಂಥ ಲ್ಯಾಪ್‌ಟಾಪ್ ಆನ್ ಮಾಡುವ ಪ್ರಯತ್ನವೇ ಮಾಡದೆ ಆರನೇ ಹಂತದಲ್ಲಿ ಹೇಳಿದ ಹಾಗೆ ಡಿಸ್ಕ್ ಬಿಚ್ಚಿ ಫೈಲ್ ತೆಗೆಯುದು ಒಳ್ಳೆದು.

ಸಿಡಿಲಿಗೆ ಹೋದದ್ದಾದ್ರೂ ಹಾಗೆಯೇ. ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಮಧ್ಯಾಹ್ನದ ಮೇಲಿನ ಗುಡುಗಿಗೆ ಚಾರ್ಜರ್ ಸಿಕ್ಕಿಸಿಟ್ಟ ಲ್ಯಾಪ್‌ಟಾಪ್ ಹೋಗುದು ನಮ್ಮ ಕಡೆ ಹೊಸತಲ್ಲ. ಮೊದಲು ಹೋಗುದು ಚಾರ್ಜರ್, ಮತ್ತೆ ಬೋರ್ಡಿನ ಪವರ್ ಭಾಗ, ಡಿಸ್ಕ್ ಉಳಿದಿರುವ ಸಾಧ್ಯತೆ ಚಂದ ಉಂಟು.

2. ಆನ್ ಆಗುದಿಲ್ಲ ಅಂದ್ರೆ ಎಷ್ಟರ ಮಟ್ಟಿಗೆ ಅಂತ ನೋಡಿ

ಲೈಟೇ ಇಲ್ಲ, ಫ್ಯಾನೂ ಇಲ್ಲ: ಅದೇ ಪಿನ್ನಿನ, ಅದೇ ವೋಲ್ಟಿನ ಬೇರೆ ಚಾರ್ಜರ್ ಹಾಕಿ ನೋಡಿ. ಆಗದಿದ್ರೆ ಚಾರ್ಜರ್ ತೆಗೆದು ಪವರ್ ಬಟನನ್ನು 30 ಸೆಕೆಂಡ್ ಒತ್ತಿ ಹಿಡೀರಿ, ಬಿಟ್ಟು, ಪುನಃ ಚಾರ್ಜರ್ ಹಾಕಿ ಆನ್ ಮಾಡಿ. ಬೋರ್ಡಲ್ಲಿ ಉಳಿದ ಕರೆಂಟು ಖಾಲಿ ಆಗಿ ಕೆಲವು ಲ್ಯಾಪ್‌ಟಾಪ್ ಇಷ್ಟಕ್ಕೇ ಎದ್ದು ಬರ್ತದೆ.

ಲೈಟ್ ಉಂಟು, ಫ್ಯಾನ್ ತಿರುಗ್ತದೆ, ಸ್ಕ್ರೀನ್ ಕಪ್ಪು: ರೂಮ್ ಕತ್ತಲೆ ಮಾಡಿ ಮೊಬೈಲ್ ಟಾರ್ಚನ್ನು ಸ್ಕ್ರೀನಿಗೆ ಓರೆಯಾಗಿ ಹಿಡಿದು ನೋಡಿ. ತೆಳುವಾಗಿ ಡೆಸ್ಕ್‌ಟಾಪ್ ಕಂಡ್ರೆ ಬ್ಯಾಕ್‌ಲೈಟ್ ಹೋದದ್ದು, ಲ್ಯಾಪ್‌ಟಾಪ್ ಜೀವಂತ ಉಂಟು. ಮನೆಯ ಟಿವಿಗೆ ಎಚ್‌ಡಿಎಂಐ ಕೇಬಲ್ ಹಾಕಿ, ಟಿವಿಯಲ್ಲಿ ನೋಡಿಕೊಂಡು ಕಾಪಿ ಮಾಡಿ. ಇಲ್ಲಿಗೇ ಕೆಲಸ ಮುಗಿದವರು ಸುಮಾರು ಜನ ಇದ್ದಾರೆ, ಹಾಗಾಗಿ ಟಿವಿಗೆ ಹಾಕದೆ ಮುಂದೆ ಹೋಗ್ಬೇಡಿ.

ಕಂಪೆನಿಯ ಲೋಗೋ ಬರ್ತದೆ, ಮತ್ತೆ ನೀಲಿ ಸ್ಕ್ರೀನ್ ಅಥವಾ ತಿರುಗುವ ಚುಕ್ಕಿಯಲ್ಲೇ ನಿಲ್ತದೆ: ಹಾರ್ಡ್‌ವೇರ್ ಹೆಚ್ಚಾಗಿ ಸರಿ ಉಂಟು, ವಿಂಡೋಸ್ ಕೆಟ್ಟದ್ದು. ನಾಲ್ಕು, ಐದನೇ ಹಂತ ನಿಮಗೇ.

"ನೋ ಬೂಟೇಬಲ್ ಡಿವೈಸ್" ಅಂತ ಬರ್ತದೆ: ಸಿಕ್ಕಿಸಿದ ಪೆನ್‌ಡ್ರೈವ್ ಎಲ್ಲ ತೆಗೆದು ಇನ್ನೊಮ್ಮೆ ನೋಡಿ. ಆಗಲೂ ಬಂದ್ರೆ ಡಿಸ್ಕ್ ಲೂಸ್ ಆಗಿರ್ಬಹುದು ಅಥವಾ ಸಾಯ್ತಾ ಇರ್ಬಹುದು. ಬಯೋಸ್ (ವಿಂಡೋಸ್ ಶುರು ಆಗುವ ಮೊದಲಿನ ಸೆಟ್ಟಿಂಗ್ ಸ್ಕ್ರೀನ್) ಒಳಗೆ ಹೋಗಿ ಡಿಸ್ಕಿನ ಹೆಸರು ಕಾಣ್ತದಾ ನೋಡಿ, ಕಂಡ್ರೆ ಆಸೆ ಉಂಟು. ಅಲ್ಲಿ ನೋಡುದು ಮಾತ್ರ, ಸೆಟ್ಟಿಂಗ್ ಯಾವುದೂ ಬದಲಿಸ್ಬೇಡಿ.

3. ಬಿಟ್‌ಲಾಕರ್ ಕೀ ಹುಡುಕಿ ಇಟ್ಕೊಳ್ಳಿ

ಬಿಟ್‌ಲಾಕರ್ ಅಂದ್ರೆ ವಿಂಡೋಸ್ ಡಿಸ್ಕಿಗೆ ಹಾಕುವ ಬೀಗ. ಇದನ್ನು ಬಿಟ್ಟು ಮುಂದೆ ಹೋದವರು ಕಡೆಗೆ ಇಲ್ಲೇ ಸಿಕ್ಕಿಬೀಳುದು. ಹೊಸ ಲ್ಯಾಪ್‌ಟಾಪಲ್ಲಿ, ಮುಖ್ಯವಾಗಿ ವಿಂಡೋಸ್ 11ರಲ್ಲಿ, ಮೈಕ್ರೋಸಾಫ್ಟ್ ಅಕೌಂಟಲ್ಲಿ ಸೈನ್ ಇನ್ ಮಾಡಿದ್ರೆ ಡಿಸ್ಕ್ ತನ್ನಿಂದ ತಾನೇ ಲಾಕ್ ಆಗಿರ್ಲಿಕ್ಕೆ ಸಾಕು, ನೀವು ಆನ್ ಮಾಡಿದ ನೆನಪೇ ಇರುದಿಲ್ಲ. ಲಾಕ್ ಆದ ಡಿಸ್ಕನ್ನು ಬಿಚ್ಚಿ ಎಲ್ಲಿ ಸಿಕ್ಕಿಸಿದ್ರೂ 48 ಅಂಕೆಯ ರಿಕವರಿ ಕೀ ಕೇಳ್ತದೆ. ಕೀ ಇಲ್ಲದಿದ್ರೆ ಯಾವ ಅಂಗಡಿಯವರಿಗೂ, ಯಾವ ಲ್ಯಾಬಿಗೂ ತೆಗೀಲಿಕ್ಕೆ ಆಗುದಿಲ್ಲ. "ನಾನು ಓಪನ್ ಮಾಡಿ ಕೊಡ್ತೇನೆ" ಅಂತ ಯಾರಾದ್ರೂ ಹಣ ಕೇಳಿದ್ರೆ ನಂಬ್ಬೇಡಿ.

ಮೊಬೈಲಲ್ಲಿ ಮೈಕ್ರೋಸಾಫ್ಟ್ ಅಕೌಂಟಿನ ವೆಬ್‌ಸೈಟಿಗೆ ಲಾಗಿನ್ ಆಗಿ, ಡಿವೈಸಸ್ ಒಳಗೆ ನಿಮ್ಮ ಲ್ಯಾಪ್‌ಟಾಪ್ ಹೆಸರಿನ ಹತ್ರ ಬಿಟ್‌ಲಾಕರ್ ರಿಕವರಿ ಕೀ ನೋಡಿ. ಎರಡು ಮೂರು ಕೀ ಕಂಡ್ರೆ, ಲ್ಯಾಪ್‌ಟಾಪ್ ಸ್ಕ್ರೀನಲ್ಲಿ ತೋರಿಸುವ ಕೀ ಐಡಿಯ ಮೊದಲ 8 ಅಕ್ಷರಕ್ಕೆ ಯಾವುದು ಹೊಂದ್ತದೆ ಅದೇ ಸರಿಯಾದ್ದು. ಲ್ಯಾಪ್‌ಟಾಪ್ ತೆಗೆದ ದಿವಸ ಅಂಗಡಿಯವರೇ ಅವರ ಯಾವುದೋ ಮೇಲ್ ಐಡಿ ಹಾಕಿ ಸೆಟ್ ಮಾಡಿ ಕೊಟ್ಟಿದ್ರೆ ಕೀ ಆ ಅಕೌಂಟಲ್ಲಿ ಇರ್ತದೆ, ಅವರ ಹತ್ರ ಕೇಳಿ. ಆಫೀಸ್, ಕಾಲೇಜಿನ ಲ್ಯಾಪ್‌ಟಾಪ್ ಆದ್ರೆ ಅಲ್ಲಿಯ ಐಟಿಯವರ ಹತ್ರ.

ಇದೇ ಮೊಬೈಲಲ್ಲಿ ಒನ್‌ಡ್ರೈವ್ (ಮೈಕ್ರೋಸಾಫ್ಟಿನ ಆನ್‌ಲೈನ್ ಸ್ಟೋರೇಜ್) ಕೂಡ ಒಮ್ಮೆ ತೆರೆದು ನೋಡಿ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಫೋಲ್ಡರ್ ಅದರಲ್ಲೇ ಬಂದು ಕೂತಿದ್ರೆ ಅರ್ಧ ಚಿಂತೆ ಅಲ್ಲೇ ಮುಗೀತು.

4. ವಿಂಡೋಸಿನ ರಿಪೇರಿ ಸ್ಕ್ರೀನಿಂದಲೇ ತೆಗೆಯುದು

ಲೋಗೋ ಬಂದು ನಿಲ್ಲುವ ಲ್ಯಾಪ್‌ಟಾಪಿಗೆ ಇದು. ಎಕ್ಸ್‌ಟರ್ನಲ್ ಡಿಸ್ಕನ್ನು ಮೊದಲೇ ಸಿಕ್ಕಿಸಿ. ಆನ್ ಮಾಡಿ, ಚುಕ್ಕಿ ತಿರುಗ್ಲಿಕ್ಕೆ ಶುರು ಆದ ಕೂಡ್ಲೆ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ. ಹೀಗೆ ಎರಡು ಮೂರು ಸಲ ಮಾಡಿದ್ರೆ ಮುಂದಿನ ಸಲ ಆಟೋಮ್ಯಾಟಿಕ್ ರಿಪೇರಿ ಸ್ಕ್ರೀನ್ ಬರ್ತದೆ. ಅಡ್ವಾನ್ಸ್ಡ್ ಆಪ್ಶನ್ಸ್, ಮತ್ತೆ ಟ್ರಬಲ್‌ಶೂಟ್ ಒತ್ತಿ. ಅಲ್ಲಿ ಮೊದಲನೇ ಸಾಲಲ್ಲೇ "ರೀಸೆಟ್ ದಿಸ್ ಪಿಸಿ" ಅಂತ ಕೂತಿರ್ತದೆ, ಅದನ್ನು ಮುಟ್ಟಲೇಬೇಡಿ, "ಕೀಪ್ ಮೈ ಫೈಲ್ಸ್" ಅಂತ ಬರೆದಿದ್ರೂ ಸಹ. ಅರ್ಧದಲ್ಲಿ ನಿಂತ್ರೆ ಯಾರೂ ಜವಾಬ್ದಾರಿ ಅಲ್ಲ. ಅದರ ಕೆಳಗೆ ಅಡ್ವಾನ್ಸ್ಡ್ ಆಪ್ಶನ್ಸ್, ಅದರೊಳಗೆ ಕಮಾಂಡ್ ಪ್ರಾಂಪ್ಟ್. ಪಾಸ್‌ವರ್ಡ್ ಅಥವಾ ಬಿಟ್‌ಲಾಕರ್ ಕೀ ಕೇಳಿದ್ರೆ ಕೊಡಿ.

ಕಪ್ಪು ಕಿಟಕಿ ಬಂತಲ್ಲ, ಅದರಲ್ಲಿ ನೋಟ್‌ಪ್ಯಾಡ್ ಅಂತ ಇಂಗ್ಲಿಷಲ್ಲಿ ಟೈಪ್ ಮಾಡಿ ಎಂಟರ್ ಕೊಡಿ. ನೋಟ್‌ಪ್ಯಾಡ್ ತೆರೆದಾಗ ಫೈಲ್ ಮೆನುವಲ್ಲಿ ಓಪನ್ ಒತ್ತಿ, ಕೆಳಗೆ ಟೆಕ್ಸ್ಟ್ ಫೈಲ್ಸ್ ಅಂತ ಇರುವ ಕಡೆ ಆಲ್ ಫೈಲ್ಸ್ ಮಾಡಿ. ಈಗ ಆ ಸಣ್ಣ ಓಪನ್ ಕಿಟಕಿಯೇ ನಿಮಗೆ ಮೈ ಕಂಪ್ಯೂಟರ್. ಡ್ರೈವ್ ಅಕ್ಷರ ಇಲ್ಲಿ ಆಚೆ ಈಚೆ ಆಗಿರ್ತದೆ, ಸಿ ಇದ್ದದ್ದು ಡಿ ಆಗಿ ಕಂಡ್ರೆ ಗಾಬರಿ ಬೇಡ, ಯೂಸರ್ಸ್ ಫೋಲ್ಡರ್ ಯಾವುದರಲ್ಲಿ ಉಂಟು ಅದೇ ನಿಮ್ಮ ಡ್ರೈವ್. ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಕಾಪಿ, ಎಕ್ಸ್‌ಟರ್ನಲ್ ಡಿಸ್ಕಿಗೆ ಹೋಗಿ ಪೇಸ್ಟ್. ಓಪನ್ ಬಟನ್ ಒತ್ಲಿಕ್ಕಿಲ್ಲ.

ಇಲ್ಲಿ ಕಾಪಿ ಆಗುವಾಗ ಎಷ್ಟಾಯ್ತು ಅಂತ ತೋರಿಸುವ ಹಸಿರು ಪಟ್ಟಿ ಬರುದಿಲ್ಲ, ಕಿಟಕಿ ಹ್ಯಾಂಗ್ ಆದ ಹಾಗೆ ಕಾಣ್ತದೆ. ತುಂಬ ಜನ ಇಲ್ಲಿ ತಾಳ್ಮೆ ಕಳ್ಕೊಂಡು ಆಫ್ ಮಾಡಿ ಅರ್ಧಂಬರ್ಧ ಫೈಲ್ ತಕ್ಕೊಂಡು ಹೋಗುದು. ಎಕ್ಸ್‌ಟರ್ನಲ್ ಡಿಸ್ಕಿನ ಲೈಟ್ ಮಿನುಗ್ತಾ ಇದ್ರೆ ಕೆಲಸ ನಡೀತಾ ಉಂಟು ಅಂತ ಲೆಕ್ಕ, ಕಾಯಿರಿ. ಮತ್ತೆ ಇಡೀ ಯೂಸರ್ಸ್ ಫೋಲ್ಡರ್ ಒಟ್ಟಿಗೆ ಎಳೀಬೇಡಿ, ಒಂದೊಂದೇ ಫೋಲ್ಡರ್ ಮಾಡಿದ್ರೆ ಎಲ್ಲಿ ನಿಂತದ್ದು ಅಂತ ಗೊತ್ತಾಗ್ತದೆ.

5. ಉಬುಂಟು ಪೆನ್‌ಡ್ರೈವ್

ರಿಪೇರಿ ಸ್ಕ್ರೀನೂ ಬರದಿದ್ರೆ ಪೆನ್‌ಡ್ರೈವಿಂದ ಉಬುಂಟು ಅನ್ನುವ, ವಿಂಡೋಸಿನ ಬದಲಿನ ಬೇರೆ ಸಿಸ್ಟಮ್ ಆನ್ ಮಾಡುದು. ಈ ವಿಷಯದಲ್ಲಿ ಕಾಸರಗೋಡಿನವರಿಗೆ ಒಂದು ಅನುಕೂಲ ಉಂಟು. ಕೇರಳದ ಶಾಲೆಗಳಲ್ಲಿ ನಡೆಯುದು ಉಬುಂಟು ಆಧಾರಿತ ಕೈಟ್ ಗ್ನೂ ಲಿನಕ್ಸ್, ಹೈಸ್ಕೂಲಿನಲ್ಲಿ ಐಟಿ ನೋಡಿಕೊಳ್ಳುವ ಟೀಚರ್ ಹತ್ರ ಅದರ ಪೆನ್‌ಡ್ರೈವ್ ಸಾಧಾರಣ ಇರ್ತದೆ, ಶಾಲೆಯ ಐಟಿ ಕ್ಲಬ್ ಆದ ಲಿಟ್ಲ್ ಕೈಟ್ಸಿನ ಮಕ್ಕಳಿಗೂ ಉಬುಂಟು ಪರಿಚಯ ಉಂಟು. ನಿಮ್ಮ ಮಗಳೋ ತಮ್ಮನೋ ಹೈಸ್ಕೂಲಲ್ಲಿದ್ರೆ ಹತ್ರ ಕೂರಿಸ್ಕೊಳ್ಳಿ, ಉಪಕಾರ ಆಗ್ತದೆ.

ನೀವೇ ಮಾಡುದಾದ್ರೆ ಸರಿ ಇರುವ ಕಂಪ್ಯೂಟರಲ್ಲಿ ಉಬುಂಟು ಐಎಸ್‌ಒ (ಇಡೀ ಸಿಸ್ಟಮ್ ಇರುವ ಒಂದೇ ಫೈಲ್) ಡೌನ್‌ಲೋಡ್ ಮಾಡಿ, ರೂಫಸ್ ಅಥವಾ ಬಲೇನಾ ಎಚರ್ ಸಾಫ್ಟ್‌ವೇರಿಂದ ಪೆನ್‌ಡ್ರೈವಿಗೆ ಬರೀರಿ. ಸುಮ್ಮನೆ ಕಾಪಿ ಪೇಸ್ಟ್ ಮಾಡಿದ್ರೆ ಬೂಟ್ ಆಗುದಿಲ್ಲ. ಪೆನ್‌ಡ್ರೈವಲ್ಲಿ ಮೊದಲಿದ್ದದ್ದು ಎಲ್ಲ ಅಳಿಸಿ ಹೋಗ್ತದೆ.

ಕೆಟ್ಟ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಆನ್ ಮಾಡಿದ ಕೂಡ್ಲೆ ಬೂಟ್ ಮೆನು ಕೀ ತಟ್ಟುತ್ತಾ ಇರಿ. ಡೆಲ್, ಲೆನೋವೊ, ಏಸರಿಗೆ ಸಾಧಾರಣ ಎಫ್12, ಎಚ್‌ಪಿಗೆ ಎಸ್ಕೇಪ್ ಒತ್ತಿ ಮತ್ತೆ ಎಫ್9, ಏಸಸಿಗೆ ಎಸ್ಕೇಪ್. ಕೆಲವು ಲೆನೋವೊದಲ್ಲಿ ಬದಿಯಲ್ಲಿ ಸಣ್ಣ ತೂತಿನ ಬಟನ್ ಇರ್ತದೆ, ಆಫ್ ಇರುವಾಗ ಪಿನ್ನಿಂದ ಒತ್ತಿದ್ರೆ ಮೆನು ಬರ್ತದೆ. ಮೆನುವಲ್ಲಿ ಪೆನ್‌ಡ್ರೈವ್ ಆರಿಸಿ. ಮೊದಲು "ಟ್ರೈ ಆರ್ ಇನ್‌ಸ್ಟಾಲ್ ಉಬುಂಟು" ಅಂತ ಬರುದು, ಅದನ್ನು ಒತ್ತಿದ ಮಾತ್ರಕ್ಕೆ ಎಂತದೂ ಆಗುದಿಲ್ಲ, ಹೆದರ್ಬೇಡಿ. ಅದರ ನಂತರ ಟ್ರೈ, ಇನ್‌ಸ್ಟಾಲ್ ಅಂತ ಬೇರೆ ಬೇರೆ ಕೇಳುವಾಗ ಟ್ರೈ ಮಾತ್ರ. ಇನ್‌ಸ್ಟಾಲ್ ಒತ್ತಿ ಮುಂದೆ ಮುಂದೆ ಹೋದ್ರೆ ನಿಮ್ಮ ಫೈಲ್ ಮೇಲೆಯೇ ಉಬುಂಟು ಬಂದು ಕೂರ್ತದೆ.

ಡೆಸ್ಕ್‌ಟಾಪ್ ಬಂದ ಮೇಲೆ ಫೈಲ್ಸ್ ತೆರೆದು ಎಡಬದಿಯ ಪಟ್ಟಿಯಲ್ಲಿ ಅಥವಾ ಅದರ್ ಲೊಕೇಶನ್ಸಲ್ಲಿ ನೋಡಿ, ವಿಂಡೋಸ್ ಡ್ರೈವ್ ಅದರ ಸೈಜಿಂದ ಗೊತ್ತಾಗ್ತದೆ. ಬಿಟ್‌ಲಾಕರ್ ಇದ್ರೆ ಕೀ ಕೇಳ್ತದೆ. ವಿಂಡೋಸ್ ಹೈಬರ್ನೇಟ್ ಆಗಿದೆ (ಪೂರ್ತಿ ಆಫ್ ಆಗದೆ ನಿದ್ದೆಯಲ್ಲಿದೆ), ಓಪನ್ ಮಾಡ್ಲಿಕ್ಕೆ ಆಗುದಿಲ್ಲ ಅಂತ ಬಂದ್ರೆ, ರೀಡ್ ಓನ್ಲಿಯಾಗಿ, ಅಂದ್ರೆ ಓದ್ಲಿಕ್ಕೆ ಮಾತ್ರ ಆಗುವ ಹಾಗೆ, ಮೌಂಟ್ ಮಾಡ್ಬೇಕು, ಅದು ಗೊತ್ತಿರುವವರ ಹತ್ರ ಮಾಡಿಸಿ. ಇಂಟರ್ನೆಟ್ಟಲ್ಲಿ ಸಿಗುವ, ಹೈಬರ್ನೇಟ್ ಫೈಲ್ ಅಳಿಸುವ ಕಮಾಂಡನ್ನು ನೋಡದೆ ಹಾಕ್ಬೇಡಿ. ನಮಗೆ ಬೇಕಾದ್ದು ಓದುದು ಮಾತ್ರ, ಬರೆಯುದಲ್ಲ.

ಡ್ರೈವೇ ಕಾಣುದಿಲ್ಲ ಅಂದ್ರೆ ಬಯೋಸಲ್ಲಿ ರೇಡ್, ಆರ್‌ಎಸ್‌ಟಿ ಅಂತ ಇರುವ ಡಿಸ್ಕಿನ ಸೆಟ್ಟಿಂಗ್ ಬದಲಿಸುವ ಸಾಹಸ ಬೇಡ, ಮುಂದಿನ ಹಂತಕ್ಕೆ ಹೋಗಿ.

6. ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕುದು

ಮೊದಲು ಚಾರ್ಜರ್ ತೆಗೀರಿ. ಹಿಂದಿನ ಮುಚ್ಚಳದ ಸ್ಕ್ರೂ ಎಲ್ಲ ತೆಗೆದೂ ಏಳದಿದ್ರೆ ಜೋರು ಎಳೀಬೇಡಿ, ರಬ್ಬರ್ ಕಾಲಿನ ಅಡಿಯಲ್ಲಿ ಇನ್ನೊಂದೆರಡು ಸ್ಕ್ರೂ ಅಡಗಿರ್ತದೆ. ಸ್ಕ್ರೂ ಉದ್ದ ಒಂದೊಂದು ಕಡೆ ಒಂದೊಂದು, ತೆಗೆದ ಜಾಗದ ಕ್ರಮದಲ್ಲೇ ಕಾಗದದ ಮೇಲೆ ಇಡಿ, ಮೊಬೈಲಲ್ಲಿ ಫೋಟೋ ತೆಗೀರಿ. ಮುಚ್ಚಳ ತೆಗೆದ ಕೂಡ್ಲೆ ಮಾಡುದು ಬ್ಯಾಟರಿ ಕನೆಕ್ಟರ್ ಬಿಡಿಸುದು. ಕಬ್ಬಿಣದ ಏನನ್ನಾದ್ರೂ ಒಮ್ಮೆ ಮುಟ್ಟಿ ಮತ್ತೆ ಡಿಸ್ಕಿಗೆ ಕೈ ಹಾಕಿ.

ಅಂಗೈ ಅಗಲದ ಚಪ್ಪಟೆ ಪೆಟ್ಟಿಗೆ ಕಂಡ್ರೆ ಅದು ಸಾಟಾ, ಎರಡೂವರೆ ಇಂಚಿನದ್ದು, ಅದರ ಯುಎಸ್‌ಬಿ ಕೇಬಲ್ ಕೆಲವು ನೂರು ರೂಪಾಯಿಗೆ ಸಿಕ್ತದೆ. ಚೂಯಿಂಗ್ ಗಮ್ ಪಟ್ಟಿಯ ಹಾಗೆ ಉದ್ದಕ್ಕೆ ಇದ್ರೆ ಎಂ.2. ಅದಕ್ಕೆ ತುದಿಯಲ್ಲಿ ಒಂದೇ ಸ್ಕ್ರೂ, ಅದು ತೆಗೆದಾಗ ಪಟ್ಟಿ ಓರೆಯಾಗಿ ಮೇಲೆ ಏಳ್ತದೆ, ಅದೇ ಓರೆಯಲ್ಲಿ ಹಿಂದಕ್ಕೆ ಎಳೀಬೇಕು, ನೇರ ಮೇಲಕ್ಕೆ ಅಲ್ಲ. ಚಿನ್ನದ ಬಣ್ಣದ ಪಿನ್ನಿನ ಕಡೆ ಒಂದೇ ಕಚ್ಚು ಇದ್ರೆ ಹೆಚ್ಚಾಗಿ ಎನ್‌ವಿಎಂಇ, ಎರಡು ಕಚ್ಚು ಇದ್ರೆ ಹೆಚ್ಚಾಗಿ ಸಾಟಾ. ಒಂದರ ಕೇಸಲ್ಲಿ ಇನ್ನೊಂದು ನಡೆಯುದಿಲ್ಲ, ಎರಡಕ್ಕೂ ಆಗುವ ಕೇಸೂ ಉಂಟು. ಹಾಗಾಗಿ ಕೇಸ್ ತೆಗೀಲಿಕ್ಕೆ ಮಂಗಳೂರಿಗೋ ಕಾಸರಗೋಡು ಪೇಟೆಗೋ ಹೋಗುವಾಗ ಡಿಸ್ಕಿನ ಲೇಬಲಿನ ಫೋಟೋ ಹಿಡ್ಕೊಂಡು ಹೋಗಿ. ಕೆಲವು ಸಪೂರ ಲ್ಯಾಪ್‌ಟಾಪಲ್ಲಿ, ಹೊಸ ಮ್ಯಾಕ್‌ಬುಕ್‌ಗಳಲ್ಲಿ ಸ್ಟೋರೇಜ್ ಬೋರ್ಡಿಗೇ ಬೆಸೆದಿರ್ತದೆ. ಅಲ್ಲಿ ಬಿಚ್ಚುವ ಮಾತೇ ಇಲ್ಲ, ಬೋರ್ಡನ್ನೇ ಜೀವ ಬರಿಸ್ಬೇಕು.

ಬೇರೆ ವಿಂಡೋಸ್ ಕಂಪ್ಯೂಟರಿಗೆ ಸಿಕ್ಕಿಸಿದಾಗ "ಈ ಡಿಸ್ಕ್ ಬಳಸುವ ಮೊದಲು ಫಾರ್ಮ್ಯಾಟ್ ಮಾಡ್ಬೇಕು" ಅನ್ನುವ ಅರ್ಥದ ಒಂದು ಬಾಕ್ಸ್ ಬರ್ಬಹುದು. ಕ್ಯಾನ್ಸಲ್. ಎಷ್ಟು ಸಲ ಬಂದ್ರೂ ಕ್ಯಾನ್ಸಲ್. ವಿಂಡೋಸಿಗೆ ಆ ಭಾಗ ಓದ್ಲಿಕ್ಕೆ ಆಗ್ಲಿಲ್ಲ ಅಂತ ಮಾತ್ರ ಅದರ ಅರ್ಥ, ಫೈಲ್ ಇಲ್ಲ ಅಂತ ಅಲ್ಲ. ಸ್ಕ್ಯಾನ್ ಆಂಡ್ ಫಿಕ್ಸ್ ಅಂತ ಬಂದ್ರೂ ಈಗ ಬೇಡ. ಫೋಲ್ಡರ್ ತೆರೆಯುವಾಗ ಪರ್ಮಿಶನ್ ಇಲ್ಲ ಅಂದ್ರೆ ಕಂಟಿನ್ಯೂ ಒತ್ತಬಹುದು, ಅದು ಸ್ವಲ್ಪ ಹೊತ್ತು ತಕ್ಕೊಳ್ತದೆ.

7. ಯಾವುದನ್ನು ಮೊದಲು ಕಾಪಿ ಮಾಡುದು

ಪುನಃ ಸಿಗದ್ದು ಮೊದಲು. ಸಿನಿಮಾ, ಸಾಫ್ಟ್‌ವೇರ್ ಕಡೆಗೆ. ಯೂಸರ್ಸ್ ಒಳಗೆ ನಿಮ್ಮ ಹೆಸರಿನ ಫೋಲ್ಡರಲ್ಲಿ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೌನ್‌ಲೋಡ್ಸ್. ಡೆಸ್ಕ್‌ಟಾಪ್ ಖಾಲಿ ಕಂಡ್ರೆ ಅಲ್ಲೇ ಇರುವ ಒನ್‌ಡ್ರೈವ್ ಫೋಲ್ಡರ್ ಒಳಗೆ ನೋಡಿ. ಒನ್‌ಡ್ರೈವಿನ ಕೆಲವು ಫೈಲ್ ಹೆಸರು ಮಾತ್ರ ಇದ್ದು ತೆರೆಯುದಿಲ್ಲ, ಅದು ಆನ್‌ಲೈನಲ್ಲಿ ಮಾತ್ರ ಇರುವಂಥದ್ದು, ಮೊಬೈಲಿಂದ ಡೌನ್‌ಲೋಡ್ ಮಾಡಿ.

ಟ್ಯಾಲಿ ಲೆಕ್ಕ ನಿಮ್ಮ ಹೆಸರಿನ ಫೋಲ್ಡರಲ್ಲಿ ಇರುದಿಲ್ಲ. ಯೂಸರ್ಸ್, ಪಬ್ಲಿಕ್, ಟ್ಯಾಲಿಪ್ರೈಮ್, ಡೇಟಾ, ಸಾಧಾರಣ ಈ ದಾರಿ. ಒಳಗೆ ನಂಬರ್ ಹೆಸರಿನ ಫೋಲ್ಡರ್ ಕಾಣ್ತದೆ, ಒಂದು ಕಂಪೆನಿಗೆ ಒಂದು. ಆ ಡೇಟಾ ಫೋಲ್ಡರನ್ನು ಇಡೀ ತಕ್ಕೊಳ್ಳಿ, ಒಳಗಿಂದ ಆರಿಸ್ಬೇಡಿ.

ನುಡಿಯಲ್ಲಿ ಟೈಪ್ ಮಾಡಿದ ಹಳೆ ವರ್ಡ್ ಫೈಲನ್ನು ಉಬುಂಟುವಲ್ಲಿ ಓಪನ್ ಮಾಡಿದ್ರೆ ಕನ್ನಡದ ಬದಲಿಗೆ ಇಂಗ್ಲಿಷ್ ಅಕ್ಷರದ ಮೇಲೆ ಗೆರೆ, ಚುಕ್ಕಿ ಇಟ್ಟ ಹಾಗೆ ಸಾಲು ಸಾಲು ಕಾಣ್ತದೆ. ಇದು ನೋಡಿ ಫೈಲ್ ಕರಪ್ಟ್ ಆಯ್ತು ಅಂತ ಡಿಲೀಟ್ ಮಾಡಿದವರಿದ್ದಾರೆ. ಫೈಲ್ ಸರಿ ಉಂಟು, ನುಡಿ ಫಾಂಟ್ ಆ ಸಿಸ್ಟಮಲ್ಲಿ ಇಲ್ಲ ಅಷ್ಟೆ. ಹಳೆ ಡ್ರೈವಿನ ವಿಂಡೋಸ್ ಫೋಲ್ಡರ್ ಒಳಗಿನ ಫಾಂಟ್ಸಿಂದ ನುಡಿ, ಬರಹ ಫಾಂಟುಗಳನ್ನೂ ಕಾಪಿ ಮಾಡಿ ಇಡಿ, ಸಂಘದ ಹಳೆ ವರದಿ, ಯಕ್ಷಗಾನ ಪ್ರಸಂಗ ಎಲ್ಲ ಟೈಪ್ ಮಾಡಿಟ್ಟವರಿಗೆ ಇದು ಬೇಕೇ ಬೇಕು.

ಕಟ್ ಮಾಡ್ಬೇಡಿ, ಕಾಪಿ ಮಾತ್ರ. ಮುಗಿದ ಮೇಲೆ ಎರಡೂ ಕಡೆ ಫೈಲ್ ಎಷ್ಟು, ಸೈಜ್ ಎಷ್ಟು ಅಂತ ಪ್ರಾಪರ್ಟೀಸಲ್ಲಿ ತಾಳೆ ನೋಡಿ. ಫೋಟೋ, ವಿಡಿಯೋ, ಎಕ್ಸೆಲ್ ಫೈಲ್ ಒಂದೊಂದು ನಿಜವಾಗಿ ಓಪನ್ ಮಾಡಿ ನೋಡಿ, ಸಣ್ಣ ಚಿತ್ರ ಕಂಡ್ರೆ ಸಾಲದು. ಇಜೆಕ್ಟ್ ಮಾಡದೆ ಎಳೀಬೇಡಿ, ಉಬುಂಟುವಲ್ಲಂತೂ ಕಾಪಿ ಮುಗೀತು ಅಂತ ತೋರಿಸಿದ ಮೇಲೂ ಬರೆಯುದು ಬಾಕಿ ಇರ್ತದೆ.

8. ಡಿಸ್ಕೇ ಸಾಯ್ತಾ ಇದ್ರೆ

ಇದರ ಲಕ್ಷಣ: ಫೋಲ್ಡರ್ ತೆರೀಲಿಕ್ಕೆ ನಿಮಿಷಗಟ್ಟಲೆ, ಕಾಪಿ ಒಂದೇ ಫೈಲಲ್ಲಿ ನಿಲ್ಲುದು, ಡ್ರೈವ್ ಮಧ್ಯದಲ್ಲಿ ಮಾಯ ಆಗಿ ಪುನಃ ಬರುದು. ಉಬುಂಟುವಿನ ಡಿಸ್ಕ್ಸ್ ಆಪ್‌ನಲ್ಲಿ ಸ್ಮಾರ್ಟ್ ಡೇಟಾ (ಡಿಸ್ಕಿನ ಆರೋಗ್ಯದ ಲೆಕ್ಕ) ನೋಡಿದ್ರೆ, ಹಾಳಾದ ಜಾಗ ತೋರಿಸುವ ಪೆಂಡಿಂಗ್ ಸೆಕ್ಟರ್, ರೀಅಲೊಕೇಟೆಡ್ ಸೆಕ್ಟರ್ ಸೊನ್ನೆಗಿಂತ ಮೇಲೆ ಏರಿದ್ರೆ ಅದು ಎಚ್ಚರಿಕೆ.

ಆಗ ಫೈಲ್ ಒಂದೊಂದಾಗಿ ಎಳೆಯುದಕ್ಕಿಂತ ಡಿಡಿರೆಸ್ಕ್ಯೂ ಅನ್ನುವ ಸಾಫ್ಟ್‌ವೇರಿಂದ ಇಡೀ ಡಿಸ್ಕಿನ ನಕಲನ್ನು ಅದಕ್ಕಿಂತ ದೊಡ್ಡ ಇನ್ನೊಂದು ಡಿಸ್ಕಿಗೆ ತೆಗೀಬೇಕು. ಅದು ಚಂದ ಇರುವ ಭಾಗವನ್ನು ಮೊದಲು ಓದಿ, ಹಾಳಾದ್ದನ್ನು ಕಡೆಗೆ ಪ್ರಯತ್ನಿಸ್ತದೆ. ಮೂಲ ಯಾವುದು, ನಕಲು ಯಾವುದು ಅಂತ ತಿರುಗುಮುರುಗು ಆದ್ರೆ ಎಲ್ಲ ಹೋಯ್ತು, ಲಿನಕ್ಸ್ ಕಮಾಂಡ್ ಅಭ್ಯಾಸ ಇರುವವರನ್ನು ಕೂರಿಸಿಕೊಂಡೇ ಮಾಡಿ. ಮತ್ತೆ ಹೋದ ಫೈಲ್ ಹುಡುಕುವ ಟೆಸ್ಟ್‌ಡಿಸ್ಕ್, ಫೋಟೊರೆಕ್ ಸಾಫ್ಟ್‌ವೇರ್ ಎಲ್ಲ ಆ ನಕಲಿನ ಮೇಲೆ ಮಾತ್ರ. ಫೋಟೊರೆಕ್ ತೆಗೆದ ಫೈಲಿಗೆ ಹಳೆ ಹೆಸರು ಇರುದಿಲ್ಲ, ಕೂತು ವಿಂಗಡಿಸ್ಬೇಕು. ವಿಂಡೋಸಿನ ಡಿಸ್ಕ್ ಸರಿ ಮಾಡುವ ಚೆಕ್‌ಡಿಸ್ಕ್ ಓಡಿಸ್ಬೇಡಿ, ಅದು ಇರುವ ಡಿಸ್ಕಿಗೇ ತಿದ್ದಿ ಬರೀತದೆ.

ಟಕ್ ಟಕ್ ಶಬ್ದ ಇದ್ರೆ ಇದೂ ಬೇಡ. ಕ್ಲೀನ್ ರೂಮ್ ಇರುವ ಡೇಟಾ ರಿಕವರಿ ಲ್ಯಾಬಿಗೆ ಕಳಿಸಿ, ಖರ್ಚು ಸಾವಿರಗಟ್ಟಲೆ ಆಗ್ತದೆ, ಮೊದಲೇ ಎಸ್ಟಿಮೇಟ್ ಕೇಳಿ. ಫ್ರಿಜ್ಜಿನ ಫ್ರೀಜರಲ್ಲಿ ಇಡುವ ಉಪಾಯ ನಮ್ಮ ಹವೆಗೆ ಇನ್ನೂ ಅಪಾಯ, ಹೊರಗೆ ತೆಗೆದ ಕೂಡ್ಲೆ ನೀರಿನ ಹನಿ ಕಟ್ಟುತ್ತದೆ.

ರೀಸೆಟ್ ಒತ್ತಿ ಆಗಿದ್ದವರು: ಹಾರ್ಡ್‌ಡಿಸ್ಕ್ ಆದ್ರೆ ಕೂಡ್ಲೆ ಆಫ್ ಮಾಡಿ, ಸ್ವಲ್ಪವಾದ್ರೂ ಸಿಗಬಹುದು. ಎಸ್‌ಎಸ್‌ಡಿ (ತಿರುಗುವ ಭಾಗ ಇಲ್ಲದ, ಚಿಪ್ಪಿನ ಡಿಸ್ಕ್) ಆದ್ರೆ ಅಳಿಸಿದ ಜಾಗವನ್ನು ಅದೇ ಖಾಲಿ ಮಾಡಿಬಿಡ್ತದೆ, ಟ್ರಿಮ್ ಅಂತ ಹೇಳುದು, ಅದಾದ ಮೇಲೆ ಸಾಫ್ಟ್‌ವೇರಿಗೆ ಹಣ ಹಾಕಿ ಪ್ರಯೋಜನ ಇಲ್ಲ.

9. ಅಂಗಡಿಗೆ ಕೊಡುವಾಗ

ಫೈಲ್ ತೆಗೆದಾದ ಮೇಲೆ ಕೊಡುದಾದ್ರೆ ಚಿಂತೆ ಇಲ್ಲ. ತೆಗೆಯದೆ ಕೊಡುದಾದ್ರೆ "ಡೇಟಾ ಬೇಕು, ಫಾರ್ಮ್ಯಾಟ್ ಮಾಡ್ಲಿಕ್ಕಿಲ್ಲ" ಅಂತ ಬಾಯಲ್ಲಿ ಹೇಳಿದ್ರೆ ಸಾಲದು, ರಶೀದಿಯಲ್ಲಿ ಬರೆಸಿ. ಕೌಂಟರಲ್ಲಿ ಇದ್ದವರು ಒಬ್ಬರು, ಒಳಗೆ ಕೆಲಸ ಮಾಡುವ ಹುಡುಗ ಇನ್ನೊಬ್ಬ, ಅವನಿಗೆ ಮಲಯಾಳಂ ಮಾತ್ರ ಬರುದಾದ್ರೆ ಅದರಲ್ಲೇ ಬರೆದು ಲ್ಯಾಪ್‌ಟಾಪ್ ಮೇಲೆ ಟೇಪ್ ಹಾಕಿ ಅಂಟಿಸಿ. ಆದ್ರೆ ಡಿಸ್ಕ್ ಬಿಚ್ಚಿ ಮನೆಯಲ್ಲಿಟ್ಟು ಉಳಿದದ್ದನ್ನು ಮಾತ್ರ ಕೊಡುದೇ ಹೆಚ್ಚು ಸೇಫ್, ಮದರ್‌ಬೋರ್ಡ್ ರಿಪೇರಿಗೆ ಡಿಸ್ಕಿನ ಅಗತ್ಯ ಇಲ್ಲ.

ಹಳೆ ಡಿಸ್ಕನ್ನು ಒಂದೆರಡು ತಿಂಗಳು ಹಾಗೇ ಇಡಿ. ಮರೆತ ಫೋಲ್ಡರ್ ಒಂದು ನೆನಪಾಗುದು ಆಗಲೇ. ಅಷ್ಟರಲ್ಲಿ ತೆಗೆದ ಫೈಲಿನ ಎರಡನೇ ಕಾಪಿ ಬೇರೆ ಡಿಸ್ಕಲ್ಲೋ ಕ್ಲೌಡಲ್ಲೋ ಆಗಿರ್ಬೇಕು, ಮತ್ತೆ ಹೊಸ ವಿಂಡೋಸ್ ಹಾಕಿದ ದಿವಸವೇ ಅದರ ರಿಕವರಿ ಕೀಯನ್ನು ಪುಸ್ತಕದಲ್ಲಿ ಬರೆದಿಡಿ.